ನೆಟ್ಟಣ ಸೀಮೆಯ ಪರವೂರ ದುಡಿಮೆ: ಕಾಫಿತೋಟದಿಂದ ಲ್ಯಾಪ್‌ಟಾಪಿನವರೆಗೆ

ಕಡಬ ತಾಲ್ಲೂಕಿನ ಬಿಳಿನೆಲೆ ಗ್ರಾಮಕ್ಕೆ ಸೇರಿದ ನೆಟ್ಟಣ ಪಶ್ಚಿಮಘಟ್ಟದ ಬುಡದಲ್ಲಿದೆ. ಗುಂಡ್ಯದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆ ಈ ಊರಿನ ಮೇಲೆಯೇ ಹಾದುಹೋಗುತ್ತದೆ. ಸುಬ್ರಹ್ಮಣ್ಯ ರೋಡ್ ಎಂಬ ಹೆಸರಿನ ರೈಲು ನಿಲ್ದಾಣ ಇರುವುದೂ ಇಲ್ಲಿಯೇ. ಇಲ್ಲಿಂದ ಕಡಬ, ಸುಳ್ಯ, ಪುತ್ತೂರಿನವರೆಗೆ ಹಬ್ಬಿರುವ ಸೀಮೆಯಲ್ಲಿ ಅಡಿಕೆ ತೋಟ, ರಬ್ಬರ್ ಮತ್ತು ಕಾಡೇ ಹೆಚ್ಚು. ಹೊರಗೆ ಹೋಗಿ ದುಡಿದು ಬರುವ ರೂಢಿ ಇಲ್ಲಿ ಕಾಫಿತೋಟಗಳ ಕಾಲದಿಂದಲೂ ಇದೆ. ಹೋಗುವ ಜಾಗ ತಲೆಮಾರಿನಿಂದ ತಲೆಮಾರಿಗೆ ಬದಲಾಯಿತು. ಹೋಗುವವನು ಮನೆಯವರೊಡನೆಯೂ ಕೆಲಸ ಕೊಡುವವನೊಡನೆಯೂ ಮಾಡಿಕೊಳ್ಳಬೇಕಾದ ಮಾತುಕತೆ ಮಾತ್ರ ಹೆಚ್ಚು ಬದಲಾಗಲಿಲ್ಲ. ಮುಂಗಡ ಎಷ್ಟು, ಮಳೆಗಾಲಕ್ಕೆ ಊರಿಗೆ ಬಿಡುತ್ತಾರೋ ಇಲ್ಲವೋ, ಕರಾರಿನ ಕಾಗದ ಯಾರ ಕೈಯಲ್ಲಿರುತ್ತದೆ ಎಂಬುದರ ಸುತ್ತಲೇ ಅದು ಸುತ್ತಿದೆ. ಈ ಮೂರರಲ್ಲಿ ಕೊನೆಯದೇ ಮುಖ್ಯ. ಕಾಗದ ತನ್ನ ಕೈಯಲ್ಲಿದ್ದಾಗ ದುಡಿಯುವವನ ಮಾತಿಗೆ ಬೆಲೆ ಬಂದಿದೆ, ಇನ್ನೊಬ್ಬರ ಪೆಟ್ಟಿಗೆ ಸೇರಿದಾಗ ಹೋಗಿದೆ.

ಸುಳ್ಯ ಮತ್ತು ಪುತ್ತೂರಿನ ಕೆಲವು ಭಾಗಗಳು 1834ರವರೆಗೆ ಕೊಡಗಿನ ಅರಸರ ಆಳ್ವಿಕೆಯಲ್ಲಿದ್ದವು. ಆ ವರ್ಷ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡು ಈ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. 1837ರಲ್ಲಿ ಸುಳ್ಯ ಕಡೆಯ ರೈತರು ದಂಗೆಯೆದ್ದು ಮಂಗಳೂರಿನವರೆಗೆ ನುಗ್ಗಿದ್ದು ಆ ಬದಲಾವಣೆಯ ಬೆನ್ನಿಗೇ. ಗಡಿ ಬೇರೆಯಾದರೂ ಸಂಪಾಜೆ ಘಟ್ಟದ ದಾರಿ, ಬಿಸಿಲೆಯ ಕಾಡುದಾರಿ ಮತ್ತು ಮಡಿಕೇರಿಯೊಡನಿನ ವ್ಯವಹಾರ ಕಡಿಯಲಿಲ್ಲ. 1854ರ ಹೊತ್ತಿಗೆ ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ಕಾಫಿತೋಟ ಎದ್ದಿತು. ಅಲ್ಲಿಂದಾಚೆಗೆ ಕೊಡಗು, ಸಕಲೇಶಪುರ ಕಡೆಯ ಮಂಜರಾಬಾದು, ಚಿಕ್ಕಮಗಳೂರಿನಲ್ಲಿ ತೋಟಗಳು ಬೆಳೆಯುತ್ತ ಹೋದಂತೆ ಆಳುಗಳ ಬೇಡಿಕೆಯೂ ಬೆಳೆಯಿತು. ಆ ಆಳುಗಳಲ್ಲಿ ದೊಡ್ಡ ಪಾಲು ತುಳುನಾಡಿನಿಂದ ಹೋಯಿತು. ಘಟ್ಟಕ್ಕೆ ಹೋಗುವುದು ಎಂದರೆ ಕಾಫಿತೋಟಕ್ಕೆ ಹೋಗುವುದು ಎಂದೇ ಕೆಳಗಿನ ಊರುಗಳಲ್ಲಿ ಅರ್ಥವಾಗುತ್ತಿತ್ತು.

ಎರಡೂ ಕಡೆಯ ಬೇಸಾಯದ ಕಾಲ ಒಂದಕ್ಕೊಂದು ಹೊಂದುತ್ತಿತ್ತು. ಗದ್ದೆಯಲ್ಲಿ ಮಳೆಗಾಲದ ಏಣೆಲು ಬೆಳೆ ಕೊಯ್ದು ಮುಗಿಯುವ ಹೊತ್ತಿಗೆ ಮೇಲೆ ಕಾಫಿ ಹಣ್ಣಾಗುತ್ತದೆ. ಕೊಯ್ಲು ಮತ್ತು ನಂತರದ ಕೆಲಸ ಮುಗಿಸಿ, ಮಳೆ ಹಿಡಿಯುವ ಮೊದಲು ಇಳಿದು ಬಂದರೆ ಉಳುಮೆಗೆ ಆಳು ಸಿಗುತ್ತಿದ್ದರು. ಪತ್ತನಾಜೆಯ ಹೊತ್ತಿಗೆ ನೇಮ, ಯಕ್ಷಗಾನದ ತಿರುಗಾಟ ಎಲ್ಲ ಮುಗಿದು ಊರು ಬೇಸಾಯಕ್ಕೆ ತಿರುಗುತ್ತದೆ. ಘಟ್ಟಕ್ಕೆ ಹೋದವರು ಅಷ್ಟರೊಳಗೆ ಬಂದಿರಬೇಕು ಎಂಬುದು ಮನೆಯವರ ಲೆಕ್ಕ, ಊರಿನ ಧಣಿಗಳ ಲೆಕ್ಕವೂ ಅದೇ.

ತೋಟದ ಸಾಹೇಬ ನೇರವಾಗಿ ಆಳುಗಳೊಡನೆ ಮಾತನಾಡುತ್ತಿರಲಿಲ್ಲ. ನಡುವೆ ಮೇಸ್ತ್ರಿ ಇದ್ದ. ತೋಟದಿಂದ ದುಡ್ಡು ತಂದು, ಊರೂರು ತಿರುಗಿ ಮುಂಗಡ ಹಂಚಿ, ಗುಂಪು ಕಟ್ಟಿಕೊಂಡು ಘಟ್ಟ ಹತ್ತಿಸುವವನು ಅವನು. ಆಳುಗಳ ಕೂಲಿಯ ಮೇಲೆ ಅವನಿಗೂ ಒಂದು ಪಾಲು. ಮುಂಗಡ ಹೆಚ್ಚಾಗಿ ಹಳೆಯ ಸಾಲ ತೀರಿಸಲು, ಮದುವೆಗೆ, ಮಳೆಗಾಲದ ಆಟಿ ತಿಂಗಳ ಅಕ್ಕಿಗೆ ಹೋಗುತ್ತಿತ್ತು. ಹಾಗಾಗಿ ಕೆಲಸ ಶುರುವಾಗುವ ಮೊದಲೇ ಕೂಲಿ ಖರ್ಚಾಗಿರುತ್ತಿತ್ತು. ಮುಂಗಡ ತೆಗೆದುಕೊಂಡು ಹೋಗದೆ ಉಳಿದರೆ ಅಥವಾ ಅರ್ಧಕ್ಕೆ ಇಳಿದು ಬಂದರೆ ಅದು ಬರಿಯ ಸಾಲದ ವ್ಯಾಜ್ಯವಾಗುತ್ತಿರಲಿಲ್ಲ. 1859ರ ಕರಾರುಭಂಗದ ಕಾಯ್ದೆಯ ಪ್ರಕಾರ ಮ್ಯಾಜಿಸ್ಟ್ರೇಟರು ಆಳನ್ನು ಕೆಲಸಕ್ಕೆ ಮರಳುವಂತೆ ಆಜ್ಞೆ ಮಾಡಬಹುದಿತ್ತು, ಕೇಳದಿದ್ದರೆ ಸೆರೆಗೆ ಹಾಕಬಹುದಿತ್ತು. ಕೂಲಿ ಕೊಡದ ಧಣಿಗೆ ಅಂಥ ಶಿಕ್ಷೆ ಆ ಕಾಯ್ದೆಯಲ್ಲಿರಲಿಲ್ಲ. ಓದಲು ಬಾರದವನ ಹೆಬ್ಬೆಟ್ಟಿನ ಗುರುತು ಹೊತ್ತ ಕರಾರಿನ ಕಾಗದ ಮೇಸ್ತ್ರಿಯ ಬಳಿಯಲ್ಲೋ ತೋಟದ ಕಚೇರಿಯಲ್ಲೋ ಇರುತ್ತಿತ್ತು. 1925ರಲ್ಲಿ ಈ ಕಾಯ್ದೆ ರದ್ದಾಯಿತಾದರೂ ಕೊಡಗಿನ ತೋಟಗಾರರ ಒತ್ತಾಯಕ್ಕೆ 1926ರಲ್ಲಿ ಅಲ್ಲಿಗೇ ಪ್ರತ್ಯೇಕ ಕಾರ್ಮಿಕ ಕಾಯ್ದೆಯೊಂದು ಬಂತು.

ಈ ವ್ಯವಸ್ಥೆಯನ್ನು ಹತ್ತಿರದಿಂದ ಕಂಡು ಬರೆದವರು ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು. 1933ರ ‘ಚೋಮನ ದುಡಿ’ಯಲ್ಲಿ ಚೋಮನ ಗಂಡುಮಕ್ಕಳು ತಂದೆಯ ಸಾಲ ತೀರಿಸಲು ಘಟ್ಟದ ಕಾಫಿತೋಟಕ್ಕೆ ಹೋಗುತ್ತಾರೆ. ಒಬ್ಬ ಅಲ್ಲಿಯೇ ಉಳಿಯುತ್ತಾನೆ, ಇನ್ನೊಬ್ಬ ಜ್ವರ ಹೊತ್ತು ಬಂದು ಸಾಯುತ್ತಾನೆ, ಸಾಲ ತೀರುವುದಿಲ್ಲ. ಕಾದಂಬರಿಯಾದರೂ ಅದರ ಹಿಂದಿನ ಲೆಕ್ಕ ನಿಜವಾದದ್ದು. ಸರಕಾರಿ ವರದಿಗಳು ಹೇಳದ ಒಂದು ಸಂಗತಿಯನ್ನು ಅದು ಹೇಳುತ್ತದೆ: ಭೂಮಿಯಿಲ್ಲದವನಿಗೆ ಘಟ್ಟಕ್ಕೆ ಹೋಗುವಾಗ ಚೌಕಾಸಿ ಮಾಡುವುದಕ್ಕೆ ಏನೂ ಇರಲಿಲ್ಲ.

ಘಟ್ಟದ ನಂತರದ ಊರು ಮುಂಬಯಿ. ಮಂಗಳೂರಿನಿಂದ ಹೋಗುವ ಹಡಗು ಮಳೆಗಾಲದಲ್ಲಿ ನಿಲ್ಲುತ್ತಿದ್ದುದರಿಂದ, ಮಳೆ ಕಳೆದ ಮೇಲೆ ಹತ್ತಿದವನು ಮುಂದಿನ ವರ್ಷವೇ ಬರುವುದು ವಾಡಿಕೆ. ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸ, ಅಲ್ಲಿಯೇ ಊಟ, ಅಲ್ಲಿಯೇ ಮಲಗುವುದು, ಸಂಜೆ ಕನ್ನಡ ರಾತ್ರಿಶಾಲೆ. ಮುಂಬಯಿಯ ದಾರಿ ಉಡುಪಿ, ಕುಂದಾಪುರ ಕಡೆಯವರದ್ದೇ ಹೆಚ್ಚು. ಪುತ್ತೂರು, ಸುಳ್ಯ ಕಡೆಯವರಿಗೆ ಅದು ಮುಂದಿನ ದೊಡ್ಡ ಪ್ರಯಾಣದ ಹೆಬ್ಬಾಗಿಲಾದದ್ದು ಎಪ್ಪತ್ತರ ದಶಕದಲ್ಲಿ.

ಆ ದಶಕದಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. 1973ರ ಕೊನೆಯಲ್ಲಿ ಎಣ್ಣೆಯ ಬೆಲೆ ಏರಿ ಕೊಲ್ಲಿಯ ದೇಶಗಳಲ್ಲಿ ಕಟ್ಟಡ, ರಸ್ತೆ, ಬಂದರುಗಳ ಕೆಲಸ ಹೊರಟಿತು. ಇತ್ತ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ದಕ್ಷಿಣ ಕನ್ನಡದ ಗೇಣಿದಾರರು ಡಿಕ್ಲರೇಶನ್ ಕೊಟ್ಟು ಉಳುವ ನೆಲದ ಒಡೆಯರಾದರು. ನೆಲ ಸ್ವಂತದ್ದಾದಾಗ ಅದನ್ನು ತೋಟ ಮಾಡುವ ಆಸೆ ಹುಟ್ಟಿತು. ತೋಟಕ್ಕೆ ಬಾವಿ ಬೇಕು, ಪಂಪು ಬೇಕು, ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಕಾಯಬೇಕು. ಆ ವರ್ಷಗಳ ಖರ್ಚಿಗೆ ಮನೆಯ ಒಬ್ಬ ಹೊರಗೆ ದುಡಿಯಬೇಕು. 1973ರಲ್ಲೇ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಸ್ಥಾಪನೆಯಾಗಿ ಅಡಿಕೆಗೆ ನಂಬಬಹುದಾದ ಖರೀದಿದಾರ ಸಿಕ್ಕಿದ್ದೂ ಈ ಲೆಕ್ಕಕ್ಕೆ ಬಲ ಕೊಟ್ಟಿತು. ಇಲ್ಲಿನ ಎಷ್ಟೋ ತೋಟಗಳ ಬುಡಕ್ಕೆ ಕೊಲ್ಲಿಯ ದಿನಾರು, ದಿರ್ಹಮು ಬಿದ್ದಿದೆ.

ಕೊಲ್ಲಿಗೆ ಹೊರಡುವ ತಯಾರಿ ತಿಂಗಳುಗಟ್ಟಲೆಯದ್ದು. ಮೊದಲನೆಯದು ಪಾಸ್‌ಪೋರ್ಟು. 1967ರವರೆಗೆ ಅದನ್ನು ಕೊಡುವುದು ಬಿಡುವುದು ಸರಕಾರದ ಇಚ್ಛೆಯಾಗಿತ್ತು. ವಿದೇಶಕ್ಕೆ ಹೋಗುವುದು ವ್ಯಕ್ತಿಯ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟು ಆ ವರ್ಷ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ತೀರ್ಪಿತ್ತ ಮೇಲೆ ಪಾಸ್‌ಪೋರ್ಟ್ ಕಾಯ್ದೆ ಬಂತು. ಕಾಯ್ದೆ ಬಂದರೂ ಹಳ್ಳಿಯವನಿಗೆ ಕಷ್ಟ ತಪ್ಪಲಿಲ್ಲ. ಹುಟ್ಟಿದ ದಿನಾಂಕಕ್ಕೆ ಶಾಲೆಯ ಸರ್ಟಿಫಿಕೇಟು, ಪೊಲೀಸ್ ತನಿಖೆ, ಬೆಂಗಳೂರಿಗೆ ಓಡಾಟ. ಪಾಸ್‌ಪೋರ್ಟು ಬಂದ ಮೇಲೆ ಮುಂಬಯಿಯ ಏಜೆಂಟನ ಕಚೇರಿ, ವೈದ್ಯಕೀಯ ತಪಾಸಣೆ, ವೀಸಾಕ್ಕಾಗಿ ಕಾಯುವುದು. ಪರಿಚಯದವರ ರೂಮಿನಲ್ಲಿ ಹತ್ತಾರು ಜನರೊಡನೆ ಮಲಗಿ ವಾರಗಟ್ಟಲೆ ಕಳೆಯುವುದು ಸಾಮಾನ್ಯವಾಗಿತ್ತು. ಬಜ್ಪೆಯಲ್ಲಿ ವಿಮಾನ ನಿಲ್ದಾಣ 1951ರಿಂದಲೇ ಇದ್ದರೂ ಅಲ್ಲಿಂದ ನೇರವಾಗಿ ದುಬೈಗೆ ವಿಮಾನ ಹಾರಿದ್ದು 2006ರಲ್ಲಿ. ಅಲ್ಲಿಯವರೆಗೆ ಮುಂಬಯಿಯೇ ದಾರಿ, ತೊಂಬತ್ತರ ದಶಕದಲ್ಲಿ ಕೆಲವರಿಗೆ ಕೋಯಿಕ್ಕೋಡು.

1983ರ ವಲಸೆ ಕಾಯ್ದೆ ಏಜೆಂಟರಿಗೆ ಪರವಾನಗಿ ಕಡ್ಡಾಯ ಮಾಡಿತು. ಕಡಿಮೆ ಓದಿದವರು ಗೊತ್ತುಮಾಡಿದ ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕಾಯಿತು. ಈಗ ಹತ್ತನೇ ತರಗತಿ ಪಾಸಾದವರಿಗೆ ಈ ಅನುಮತಿ ಬೇಡ. ನಿಯಮ ಎಷ್ಟು ಒಳ್ಳೆಯದಾದರೂ ಅದನ್ನು ತಪ್ಪಿಸುವ ದಾರಿಯೂ ಹುಟ್ಟಿಕೊಂಡಿತು. ಭೇಟಿಯ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸ ಹುಡುಕುವುದು ಒಂದು. ಇನ್ನೊಂದು ‘ಫ್ರೀ ವೀಸಾ’. ಅರಬಿಯೊಬ್ಬ ಹೆಸರಿಗೆ ಮಾತ್ರ ಪ್ರಾಯೋಜಕನಾಗಿ ಹಣ ಪಡೆದು, ಬಂದವನನ್ನು ಎಲ್ಲಾದರೂ ದುಡಿದುಕೊ ಎಂದು ಬಿಡುವ ಏರ್ಪಾಡು ಅದು. ಅದರಲ್ಲಿ ಸ್ವಾತಂತ್ರ್ಯ ಕಂಡರೂ ಸಿಕ್ಕಿಬಿದ್ದರೆ ಕಾಯುವವರಿರಲಿಲ್ಲ.

ಕೊಲ್ಲಿಯ ಕರಾರು ಸಾಮಾನ್ಯವಾಗಿ ಎರಡು ವರ್ಷದ್ದು. ಎರಡು ವರ್ಷಕ್ಕೊಮ್ಮೆ ಹೋಗಿ ಬರುವ ಟಿಕೆಟು, ಒಂದೆರಡು ತಿಂಗಳ ರಜೆ. ಕೆಲಸಗಾರನ ವಾಸದ ಪರವಾನಗಿ ಕಫೀಲನ, ಅಂದರೆ ಅಲ್ಲಿನ ಪ್ರಾಯೋಜಕನ, ಹೆಸರಿಗೆ ಅಂಟಿಕೊಂಡಿರುತ್ತಿದ್ದುದರಿಂದ ಅವನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸುವುದು ಕಷ್ಟ. ಎಷ್ಟೋ ಕಡೆ ಪಾಸ್‌ಪೋರ್ಟನ್ನು ತೆಗೆದು ಕಂಪನಿಯ ಕಪಾಟಿನಲ್ಲಿಡುವ ರೂಢಿ ಬೆಳೆಯಿತು. ಮೇಸ್ತ್ರಿಯ ಕಾಲದ ಹೆಬ್ಬೆಟ್ಟಿನ ಕಾಗದಕ್ಕೂ ಕಪಾಟಿನ ಪಾಸ್‌ಪೋರ್ಟಿಗೂ ಕೆಲಸದ ದೃಷ್ಟಿಯಿಂದ ವ್ಯತ್ಯಾಸ ಕಡಿಮೆ. ರಜೆ ಕೇಳುವ ಮಾತಿನಲ್ಲಿ ಆ ಹೋಲಿಕೆ ಎದ್ದು ಕಾಣುತ್ತಿತ್ತು. ತಂಗಿಯ ಮದುವೆಗೋ ಅಪ್ಪನ ಉತ್ತರಕ್ರಿಯೆಗೋ ಬರಬೇಕೆಂದರೆ ಕಪಾಟಿನ ಬೀಗ ತೆರೆಯಬೇಕಿತ್ತು.

ಮನೆಯೊಳಗಿನ ತಯಾರಿ ಇಷ್ಟೇ ಮುಖ್ಯ. ಅಡಿಕೆಗೆ ಮಳೆಗಾಲದಲ್ಲಿ ಕೊಳೆರೋಗ ಬರುತ್ತದೆ. ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು ಸೇರಿಸಿದ ಬೋರ್ಡೊ ದ್ರಾವಣವನ್ನು ಮಳೆ ಶುರುವಾಗುವ ಹೊತ್ತಿಗೆ ಒಮ್ಮೆ, ನಲವತ್ತೈದು ದಿನ ಕಳೆದು ಇನ್ನೊಮ್ಮೆ ಗೊನೆಗಳಿಗೆ ಬಿಡಬೇಕು. ಮೈಲುತುತ್ತನ್ನೂ ಸುಣ್ಣವನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಬೆರೆಸಬೇಕು. ಹದ ತಪ್ಪಿದರೆ ಮದ್ದು ಹಿಡಿಯುವುದಿಲ್ಲ. ಮಳೆ ಬಿಡುವು ಕೊಟ್ಟ ಒಂದೆರಡು ದಿನದಲ್ಲಿ ಮರ ಹತ್ತುವವನು ಸಿಗಬೇಕು. ಆ ದಿನ ತಪ್ಪಿದರೆ ವರ್ಷದ ಫಸಲು ಉದುರಿ ಬುಡ ಸೇರುತ್ತದೆ. ಆದ್ದರಿಂದ ಒಬ್ಬ ಮಗ ಸೌದಿಯ ದಮಾಮಿಗೆ ಹೊರಟರೆ ಇನ್ನೊಬ್ಬ ತೋಟದಲ್ಲಿ ಉಳಿಯುವುದು, ಹೊರಗಿನವನು ಕಳಿಸಿದ ಹಣದಲ್ಲಿ ಒಳಗಿನವನಿಗೂ ಪಾಲು ಇರುವುದು ಅಲಿಖಿತ ಕರಾರಾಗಿತ್ತು. ಇಬ್ಬರೂ ಇಲ್ಲದ ಮನೆಯಲ್ಲಿ ಆ ಭಾರ ಹೆಂಗಸರ ಮೇಲೆ ಬಿತ್ತು. ಸೊಸೈಟಿಯ ಬೆಳೆಸಾಲ, ಪಹಣಿ, ಆಳುಗಳ ಬಟವಾಡೆ, ಒಣಗಿದ ಅಡಿಕೆಯನ್ನು ಸುಲಿಸಿ ಚಾಲಿ ಮಾಡಿ ಮಾರುವುದು ಎಲ್ಲವನ್ನೂ ಅವರು ನಡೆಸಿದರು. ಈ ರೂಢಿಯ ಚರಿತ್ರೆ ಬರೆಯುವಾಗ ಹೋದವರ ಹೆಸರೇ ಮೊದಲು ಬರುವುದು ನ್ಯಾಯವಲ್ಲ. ಪತ್ರ ತಲುಪಲು ವಾರಗಳೇ ಬೇಕಿದ್ದ ಆ ದಿನಗಳಲ್ಲಿ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಬರುವವರ ಕೈಯಲ್ಲಿ ಕಳಿಸುವುದೂ ಇತ್ತು.

ನೆಟ್ಟಣ ಸೀಮೆಗೆ ಹೊರದೇಶದ ನಂಟು ಹೋದವರಿಂದಷ್ಟೇ ಬಂದದ್ದಲ್ಲ. 1964ರ ಅಕ್ಟೋಬರ್ 30ರಂದು ಭಾರತ ಮತ್ತು ಸಿಲೋನ್ ನಡುವೆ ಆದ ಸಿರಿಮಾವೊ–ಶಾಸ್ತ್ರಿ ಒಪ್ಪಂದದಲ್ಲಿ, ಅಲ್ಲಿನ ಚಹಾ ತೋಟಗಳ ತಮಿಳು ಮೂಲದ 5,25,000 ಮಂದಿಯನ್ನು ಭಾರತ ಒಪ್ಪಿಕೊಂಡಿತು. ಅವರಲ್ಲಿ ಕೆಲವು ಕುಟುಂಬಗಳಿಗೆ ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆ ಸಿಕ್ಕಿತು. ಮುಂದೆ ಆ ತೋಟಗಳು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಗೆ ಬಂದವು. ತಲೆಮನ್ನಾರಿನಿಂದ ರಾಮೇಶ್ವರಕ್ಕೆ ಹಡಗಿನಲ್ಲಿ ಬಂದು, ಮಂಡಪಂ ಶಿಬಿರ ದಾಟಿ ಘಟ್ಟದ ಬುಡಕ್ಕೆ ತಲುಪಿದ ಈ ಜನರಿಗೆ ಜಾತಿ ಪ್ರಮಾಣಪತ್ರದಂಥ ಕಾಗದಗಳಿಗಾಗಿ ವರ್ಷಗಟ್ಟಲೆ ಕಚೇರಿ ಅಲೆಯುವುದು ತಪ್ಪಲಿಲ್ಲ. ಕೇರಳದಿಂದ ಬಂದ ಕ್ರೈಸ್ತ ರೈತರು ಕಡಬ, ನೆಲ್ಯಾಡಿ, ಶಿರಾಡಿ ಕಡೆ ರಬ್ಬರು, ಕಾಳುಮೆಣಸು ಬೆಳೆಸಿದರು. ಅಂಥ ಮನೆಗಳ ಹೆಣ್ಣುಮಕ್ಕಳು ನರ್ಸಿಂಗ್ ಕಲಿತು ಕೊಲ್ಲಿಗೆ, ಯುರೋಪಿಗೆ ಹೋದರು. ನರ್ಸುಗಳಿಂದ ಏಜೆಂಟರು ಲಕ್ಷಗಟ್ಟಲೆ ಸುಲಿಯುತ್ತಿದ್ದುದನ್ನು ತಡೆಯಲು, ವಲಸೆ ಅನುಮತಿ ಬೇಕಾದ ದೇಶಗಳಿಗೆ ಸರಕಾರಿ ಸಂಸ್ಥೆಗಳ ಮೂಲಕವೇ ಹೋಗಬೇಕೆಂಬ ನಿಯಮ 2015ರಲ್ಲಿ ಬಂತು.  

ಹೋಗುವ ದಾರಿಯನ್ನು ಹತ್ತಿರ ಮಾಡಿದ್ದು ರೈಲು. ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗ 1979ರಲ್ಲಿ ಪೂರ್ಣವಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ 55 ಕಿ.ಮೀ. ಘಟ್ಟದಲ್ಲಿ 57 ಸುರಂಗಗಳಿವೆ. ಐವತ್ತು ಅಡಿಗೆ ಒಂದಡಿಯ ಏರು. ಘಟ್ಟ ಹತ್ತುವ ಗಾಡಿ ನೆಟ್ಟಣದಲ್ಲಿ ನಿಂತು, ಹಿಂದಿನಿಂದ ದೂಡುವ ಬ್ಯಾಂಕರ್ ಎಂಜಿನುಗಳನ್ನು ಕಟ್ಟಿಕೊಂಡೇ ಹೊರಡುತ್ತದೆ. ಬ್ರಾಡ್‌ಗೇಜ್ ಕೆಲಸಕ್ಕಾಗಿ 1996ರಲ್ಲಿ ಘಟ್ಟದ ಮೇಲಿನ ಸಂಚಾರ ನಿಂತದ್ದು, ಪ್ರಯಾಣಿಕರ ರೈಲು ಮರಳಿ ಓಡಿದ್ದು 2007ರ ಡಿಸೆಂಬರಿನಲ್ಲಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಬೆಳೆದದ್ದು ಸರಿಯಾಗಿ ಆ ಹನ್ನೊಂದು ವರ್ಷಗಳಲ್ಲಿ. ಸುಳ್ಯದಲ್ಲಿ 1986ರಿಂದ ಇದ್ದ ಕೆ.ವಿ.ಜಿ. ಎಂಜಿನಿಯರಿಂಗ್ ಕಾಲೇಜು, ಪುತ್ತೂರಿನಲ್ಲಿ 2001ರಲ್ಲಿ ಶುರುವಾದ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜು ಇವುಗಳಲ್ಲಿ ಓದಿದವರು ರಾತ್ರಿ ಬಸ್ಸು ಹತ್ತಿ ಶಿರಾಡಿ ಘಟ್ಟದ ಹೊಂಡಗಳನ್ನು ದಾಟಿ ಬೆಂಗಳೂರು ಸೇರಿದರು. ರೈಲು ಮರಳಿದ ಮೇಲೂ ಭರವಸೆ ಪೂರ್ತಿಯಾಗಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ವಾರಗಟ್ಟಲೆ ಮಾರ್ಗ ಮುಚ್ಚಿತ್ತು. 2024ರ ಜುಲೈ 26ರಂದು ಯಡಕುಮೇರಿ–ಕಡಗರವಳ್ಳಿ ನಡುವೆ ಮತ್ತೆ ಕುಸಿಯಿತು.

2020ರ ಮಾರ್ಚಿನ ಲಾಕ್‌ಡೌನು ಊರು ಬಿಟ್ಟು ಹೋಗುವವರ ಈ ಪ್ರವಾಹವನ್ನು ಹಿಂದಕ್ಕೆ ತಿರುಗಿಸಿತು. ಬೆಂಗಳೂರಿನವರು ತೋಟದ ಮನೆಗೆ ಬಂದರು. ಮೇ 12ರಂದು ದುಬೈಯಿಂದ ಮೊದಲ ವಿಮಾನ ಮಂಗಳೂರಿಗೆ ಇಳಿದು, ಕೆಲಸ ಕಳೆದುಕೊಂಡವರನ್ನೂ ಬಸುರಿಯರನ್ನೂ ಕರೆತಂದಿತು. ಐಟಿ ಕೆಲಸದವರ ವಿಷಯದಲ್ಲಿ ಕಂಪನಿಯ ಕೆಲಸ ಅವರ ಹಿಂದೆಯೇ ಊರಿಗೆ ಬಂತು. ಇದು ಹಿಂದೆಂದೂ ಆಗದ್ದು. ಅದಕ್ಕೆ ಮೊದಲು ಕಾಲ್‌ಸೆಂಟರು, ಬಿಪಿಒ ಕಂಪನಿಗಳು ನೌಕರರನ್ನು ಮನೆಯಿಂದ ದುಡಿಸಬೇಕಾದರೆ ದೂರಸಂಪರ್ಕ ಇಲಾಖೆಯ ಅನುಮತಿ, ಠೇವಣಿ ಎಂದೆಲ್ಲ ಕಟ್ಟುಪಾಡುಗಳಿದ್ದವು. 2020ರ ನವೆಂಬರ್ 5ರ ಹೊಸ ಮಾರ್ಗಸೂಚಿ ಅವನ್ನು ಸಡಿಲಿಸಿ, ಎಲ್ಲಿಂದ ಬೇಕಾದರೂ ಕೆಲಸ ಮಾಡಲು ದಾರಿ ತೆರೆಯಿತು.

ಕಾಗದದ ತೊಡಕು ಹೋದಾಗ ಉಳಿದದ್ದು ಸಿಗ್ನಲ್ಲು. ಕಾಡಿನ ನಡುವಿನ ಮನೆಗಳಿಗೆ ಟವರು ದೂರ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಕೆಲವೇ ಗಂಟೆಗಳಲ್ಲಿ ಟವರಿನ ಬ್ಯಾಟರಿ ಮುಗಿಯುತ್ತದೆ. 2021ರ ಜೂನಿನಲ್ಲಿ ಸುಳ್ಯದ ಗುತ್ತಿಗಾರು ಬಳಿ, ಸುರಿವ ಮಳೆಯಲ್ಲಿ ರಸ್ತೆಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಹುಡುಗಿಗೆ ಅವಳ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ಕಂಡಿತು. ದುಡಿಯುವವರೂ ಸಿಗ್ನಲ್ಲು ಹುಡುಕಿ ಗುಡ್ಡೆ ಹತ್ತಿದರು. ಗುಡ್ಡೆಯ ಮೇಲೆ ಟಾರ್ಪಲು ಕಟ್ಟಿ, ಬೈಕಿನಲ್ಲಿ ಇನ್ವರ್ಟರ್ ಬ್ಯಾಟರಿ ಒಯ್ದು ಮೀಟಿಂಗ್ ಮುಗಿಸಿದವರಿದ್ದಾರೆ.

2022ರ ಹೊತ್ತಿಗೆ ಕಂಪನಿಗಳು ಕಚೇರಿಗೆ ಕರೆಯತೊಡಗಿದಾಗ ಹೊಸ ಚೌಕಾಸಿ ಶುರುವಾಯಿತು. ಊರಿನಲ್ಲೇ ಉಳಿಯಬಯಸಿದವರು ಮುಂದಿಟ್ಟದ್ದು ಲೆಕ್ಕ: ಊರಿಗೆ ಬಂದ ಮೇಲೆ ಮುಗಿಸಿದ ಕೆಲಸ, ಎರಡು ಬೇರೆ ಕಂಪನಿಗಳ ಇಂಟರ್‌ನೆಟ್ ಸಂಪರ್ಕ, ಯುಪಿಎಸ್, ತಿಂಗಳಿಗೆ ಇಂತಿಷ್ಟು ದಿನ ಬೆಂಗಳೂರಿಗೆ ಬರುವ ಒಪ್ಪಿಗೆ. ಅಮೆರಿಕದ ಗಿರಾಕಿಗಳ ಕೆಲಸವಾದರೆ ಮೀಟಿಂಗು ಸಂಜೆಯ ಮೇಲೆ. ಹಗಲು ಮದ್ದು ಬಿಡಿಸಲು ಬಿಡುವು ಸಿಗುತ್ತದೆ, ನಿದ್ದೆ ಕೆಡುತ್ತದೆ. ಬಾಯಿಮಾತಿನಲ್ಲಿ ಒಪ್ಪಿದ ಮ್ಯಾನೇಜರ್ ಬದಲಾದಾಗ ಎಷ್ಟೋ ಮಂದಿ ಮರಳಿ ಬೆಂಗಳೂರಿಗೆ ಹೋಗಬೇಕಾಯಿತು. ಇಮೇಲಿನಲ್ಲೋ ನೇಮಕದ ಪತ್ರದಲ್ಲೋ ಬರೆಸಿಕೊಂಡವರ ಕೈಯಲ್ಲಿ ಮಾತ್ರ ತೋರಿಸಲು ಏನಾದರೂ ಉಳಿಯಿತು.

ಲ್ಯಾಪ್‌ಟಾಪು ಹಿಡಿದು ಹೊರದೇಶದಲ್ಲೇ ತಿಂಗಳುಗಟ್ಟಲೆ ಇರುವ ಪ್ರಯಾಣ ಇದರ ಮುಂದಿನ ಮಜಲು. ಎಸ್ಟೋನಿಯಾ 2020ರ ಆಗಸ್ಟಿನಲ್ಲಿ ಇಂಥ ದುಡಿಮೆಗೆಂದೇ ವೀಸಾ ತಂದಿತು, ಅದೇ ವರ್ಷದ ಅಕ್ಟೋಬರಿನಲ್ಲಿ ದುಬೈ ಕೂಡ. ಅದೇ ದುಬೈಗೆ ಈಗ ಕಫೀಲನಿಲ್ಲದೆ, ಭಾರತದ ಸಂಬಳದ ಮೇಲೆ ಹೋಗಬಹುದು. ನಿಗದಿತ ಆದಾಯದ ಪುರಾವೆ ಮತ್ತು ಆರೋಗ್ಯ ವಿಮೆ ಬೇಕು. ಪ್ರವಾಸದ ವೀಸಾದಲ್ಲಿ ಯುರೋಪಿನ ಶೆಂಗನ್ ದೇಶಗಳಲ್ಲಿ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ, ಅದು ಕೆಲಸದ ಪರವಾನಗಿಯೂ ಅಲ್ಲ. ಕಂಪನಿಯ ಲ್ಯಾಪ್‌ಟಾಪು ದೇಶದ ಗಡಿ ದಾಟಲು ಕಂಪನಿಯ ಒಪ್ಪಿಗೆ ಬೇರೆ. ಗಿರಾಕಿಯ ಮಾಹಿತಿಯ ರಕ್ಷಣೆ, ಆ ದೇಶದ ತೆರಿಗೆ ಎರಡಕ್ಕೂ ಕಂಪನಿಗಳು ಅಂಜುತ್ತವೆ. ಭಾರತದಲ್ಲಿ ವರ್ಷಕ್ಕೆ 182 ದಿನ ಅಥವಾ ಹೆಚ್ಚು ಇದ್ದವರು ಆದಾಯ ತೆರಿಗೆಯ ದೃಷ್ಟಿಯಲ್ಲಿ ಇಲ್ಲಿನ ನಿವಾಸಿಗಳೇ. ತೋಟದ ಮನೆಯವರು ಇದಕ್ಕೆ ಇನ್ನೊಂದನ್ನು ಸೇರಿಸಿಕೊಳ್ಳಬೇಕು: ಅನಿವಾಸಿಯಾದವರು ಕೃಷಿಭೂಮಿ ಖರೀದಿಸುವಂತಿಲ್ಲ, ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಪಾಲುಪಟ್ಟಿ, ಪಹಣಿ ತಿದ್ದುಪಡಿ, ಮನೆಯಲ್ಲಿ ಉಳಿಯುವವರಿಗೆ ಅಧಿಕಾರಪತ್ರ ಇವನ್ನು ಹೊರಡುವ ಮೊದಲೇ ಮುಗಿಸುವುದು ವಿವೇಕ.

ಊರಿನಲ್ಲೇ ಕುಳಿತು ಹೊರಗಿನ ಸಂಬಳ ಪಡೆಯುವುದು ಈ ಸೀಮೆಗೆ ಮೊದಲ ಸಲ ಸಾಧ್ಯವಾಗಿದೆ. ಅದು ಉಳಿಯಬೇಕಾದರೆ ಮಳೆಗಾಲದಲ್ಲಿ ಕರೆಂಟು ಹೋದಾಗಲೂ ಟವರು ನಡೆಯಬೇಕು. ಗ್ರಾಮ ಪಂಚಾಯತಿನಿಂದ ಸಂಸದರವರೆಗೆ ಎಲ್ಲರೂ ಟವರಿನ ಬ್ಯಾಟರಿ, ಜನರೇಟರುಗಳ ಹೊಣೆಯನ್ನು ರಸ್ತೆ ಮತ್ತು ರೈಲಿನಷ್ಟೇ ದೊಡ್ಡ ಕೆಲಸವೆಂದು ಕೈಗೆತ್ತಿಕೊಳ್ಳಬೇಕಾಗಿದೆ.